ಮೆಟ್ಟಿಲಿಗೆ ದೀಪದ ಪಟ್ಟಿ



ರಾತ್ರಿ ಅಟ್ಟದಿಂದ ಮೂಟೆ ಹೊತ್ತು ಇಳಿಯುವಾಗ ಕಡೆಯ ಮೆಟ್ಟಿಲು ಕಾಣದೆ ಬೀಳುವುದುಂಟು. ಇದಕ್ಕೆ ಈಗ ಎಲ್‌ಇಡಿ ಪಟ್ಟಿ ದೊರೆಯುತ್ತದೆ. ಒಂದು ಪುಟ್ಟ ಕಂಟ್ರೋಲರ್ ಅದರ ಒಂದೊಂದು ದೀಪವನ್ನೂ ಬೇಕಾದಂತೆ ಹೊತ್ತಿಸಬಲ್ಲದು. ಪಟ್ಟಿ ಅಂಟಿಸುವುದು ಸುಲಭ. ಜೋಪಾನ ಬೇಕಾದದ್ದು ವಿದ್ಯುತ್ ಹಂಚುವುದರಲ್ಲಿ.

ಡಬ್ಲ್ಯೂಎಸ್ 2812ಬಿ ಎಂಬ ಪಟ್ಟಿ 5 ವೋಲ್ಟಿನದು. ಪೂರ್ಣ ಬಿಳಿ ಬೆಳಕಿಗೆ ದೀಪವೊಂದಕ್ಕೆ ಸುಮಾರು 60 ಮಿಲಿ ಆಂಪಿಯರ್ ಬೇಕು. ಮೀಟರಿಗೆ 60 ದೀಪವಿರುವ 5 ಮೀಟರ್ ಪಟ್ಟಿಗೆ 18 ಆಂಪಿಯರ್ ಆಯಿತು! ಒಂದೇ ತುದಿಯಿಂದ ಕೊಟ್ಟರೆ, ಕಾಲುವೆಯ ಕೊನೆಯ ಗದ್ದೆಗೆ ನೀರು ಮುಟ್ಟದ ಹಾಗೆ, ಆಚೆ ತುದಿ ಮಂಕಾಗಿ ಕೆಂಪಗಾಗುತ್ತದೆ. ಆದ್ದರಿಂದ ಎರಡೂ ತುದಿಗಳಿಗೆ ದಪ್ಪ ತಾಮ್ರದ ತಂತಿ ಎಳೆಯಿರಿ. ತಕ್ಕ ಫ್ಯೂಸ್ ಹಾಕಿರಿ. ತೆಳು ತಂತಿ ಕಾಯ್ದರೆ ಮರದ ಮೆಟ್ಟಿಲಿಗೆ ಬೆಂಕಿ ತಗುಲೀತು.

ಪಟ್ಟಿಯ ಮೇಲೆ ಬಾಣದ ಗುರುತಿದೆ. ಕಂಟ್ರೋಲರಿನ ಸಂಕೇತ ಆ ದಿಕ್ಕಿನಲ್ಲಿ ಮಾತ್ರ ಸಾಗುತ್ತದೆ. ಕಂಟ್ರೋಲರಿನ ಮೈನಸ್ ತಂತಿಯೂ ಪಟ್ಟಿಯ ಮೈನಸ್ ತಂತಿಯೂ ಕೂಡಿರಲೇಬೇಕು. ಇಲ್ಲವಾದರೆ ದೀಪಗಳು ಮನಬಂದಂತೆ ಮಿನುಗುತ್ತವೆ.

ಮೆಟ್ಟಿಲು ಕಾಣಲು ಕಾಲು ಭಾಗ ಬೆಳಕೇ ಸಾಕು. ಬಣ್ಣದ ಆಟ ಹಬ್ಬಕ್ಕಿರಲಿ. 230 ವೋಲ್ಟಿನ ಕಡೆಯ ಕೆಲಸವನ್ನು ಮಾತ್ರ ಲೈಸೆನ್ಸ್ ಪಡೆದವರಿಂದಲೇ ಮಾಡಿಸತಕ್ಕದ್ದು.