ತೆವಳುವ ಮರದ ಕಸಿ

ಸ್ಕಾಟ್ಲೆಂಡಿನ ಡಂಡೀ ಪಟ್ಟಣದ ಪಕ್ಕದಲ್ಲಿ ಕ್ಯಾಂಪರ್‌ಡೌನ್ ಎಂಬ ಜಹಗೀರಿತ್ತು. 1835–40ರ ಸುಮಾರಿಗೆ ಅಲ್ಲಿಯ ಅರಣ್ಯದ ಮೇಲ್ವಿಚಾರಕ ಡೇವಿಡ್ ಟೇಲರ್‌ಗೆ, ನೆಲಕ್ಕಂಟಿಕೊಂಡು ತೆವಳುತ್ತಿದ್ದ ವಿಚಿತ್ರವಾದ ಎಲ್ಮ್ ಒಂದು ಕಂಡಿತು. ಅದು ನೂರಡಿ ಏರಬಲ್ಲ ವಿಚ್ ಎಲ್ಮ್ ಜಾತಿಗೆ ಸೇರಿದ್ದೇ. ಆದರೂ ಮೇಲಕ್ಕೇಳುವುದೇ ಅದಕ್ಕೆ ಗೊತ್ತಿರಲಿಲ್ಲ. ಬೇರೆಯವನಾಗಿದ್ದರೆ ಸೌದೆಗೆ ಕಡಿಯುತ್ತಿದ್ದನೇನೋ. ಟೇಲರ್ ಅದನ್ನು ಬಂಗಲೆಯ ತೋಟಕ್ಕೆ ತಂದು ನೆಟ್ಟ.

ಇಂದು ಯುರೋಪ್, ಅಮೆರಿಕಗಳ ಉದ್ಯಾನಗಳಲ್ಲಿರುವ ಕ್ಯಾಂಪರ್‌ಡೌನ್ ಎಲ್ಮ್‌ಗಳೆಲ್ಲ ಆ ಒಂದೇ ಗಿಡದ ಟೊಂಗೆಗಳು. ಬೀಜ ಹಾಕಿದರೆ ಈ ಗುಣ ಬರುವುದಿಲ್ಲ, ಕಸಿಯೊಂದೇ ದಾರಿ. ಕಸಿ ಮಾವು ಕಟ್ಟುವ ನಮ್ಮ ರೈತರು ಮಣ್ಣಿನ ಹತ್ತಿರವೇ ಕಟ್ಟುತ್ತಾರೆ. ಇಲ್ಲಿ ನೆಟ್ಟಗೆ ಬೆಳೆದ ವಿಚ್ ಎಲ್ಮ್ ಕಾಂಡದ ಮೇಲೆ, ಐದಾರು ಅಡಿ ಎತ್ತರದಲ್ಲಿ ಕಟ್ಟಬೇಕು. ತೆವಳಲು ನೆಲ ಸಿಗದ ಕೊಂಬೆಗಳು ಅಡ್ಡಡ್ಡ ಹರಡಿ, ತಿರುಚಿಕೊಂಡು, ಕೊಡೆಯ ಹಾಗೆ ಸುತ್ತಲೂ ಇಳಿಬೀಳುತ್ತವೆ. ಮಕ್ಕಳು ಒಳಗೆ ನುಗ್ಗಿದರೆ ಹೊರಗಿನವರಿಗೆ ಕಾಣುವುದಿಲ್ಲ.

ಎಲೆ ದೊಡ್ಡದು, ಮೇಲ್ಮೈ ಮುಟ್ಟಿದರೆ ಒರಟು, ಅಂಚು ಗರಗಸ. ತೊಟ್ಟಿನ ಬಳಿ ಎಲೆಯ ಎರಡು ಮಗ್ಗುಲೂ ಸಮನಾಗಿರುವುದಿಲ್ಲ. ಎಲ್ಮ್ ಗುರುತಿಸಲು ಇದೇ ಸುಲಭದ ದಾರಿ. ವಸಂತದಲ್ಲಿ ಎಲೆಗಿಂತ ಮೊದಲು ಹೂ, ಬೆನ್ನಿಗೇ ಕಾಗದದಂಥ ರೆಕ್ಕೆಯ ಕಾಯಿ. ನಮ್ಮ ತಪಸಿ ಮರದ ಬಿಲ್ಲೆಗಾಯಿ ನೋಡಿದವರಿಗೆ ಇದು ಹೊಸದೆನಿಸದು. ಎರಡೂ ಒಂದೇ ಕುಟುಂಬದವು.

ಬಿಸಿಲು, ನೀರು ನಿಲ್ಲದ ಮಣ್ಣು, ಕೊಡೆ ಬಿಚ್ಚಲು ಸಾಕಷ್ಟು ಜಾಗ ಇದ್ದರೆ ಆರೈಕೆ ಕಷ್ಟವಿಲ್ಲ. ಕಸಿಯ ಗಂಟಿನ ಕೆಳಗೆ ಚಿಗುರಿದ್ದನ್ನು ಮಾತ್ರ ಕೂಡಲೇ ಚಿವುಟಬೇಕು. ಉದಾಸೀನ ಮಾಡಿದರೆ ಬೇರುಗಿಡ ನೆಟ್ಟಗೆ ಮೇಲೇರಿ, ಕಸಿಯನ್ನು ಸೊರಗಿಸಿಬಿಡುತ್ತದೆ.

ದೊಡ್ಡ ಭಯವೆಂದರೆ ಡಚ್ ಎಲ್ಮ್ ರೋಗ. ತೊಗಟೆ ಕೊರೆಯುವ ದುಂಬಿಗಳು ಹೊತ್ತುತರುವ ಶಿಲೀಂಧ್ರ ಮರದ ನೀರಿನ ನಾಳಗಳನ್ನೇ ಕಟ್ಟಿಬಿಡುತ್ತದೆ. 1960ರ ದಶಕದ ಕೊನೆಗೆ ಬ್ರಿಟನ್ನಿಗೆ ಬಂದ ಉಗ್ರ ತಳಿ ಕೋಟಿಗಟ್ಟಲೆ ಎಲ್ಮ್‌ಗಳನ್ನು ಕೊಂದಿತು. ಕ್ಯಾಂಪರ್‌ಡೌನ್‌ಗೆ ಈ ರೋಗದಿಂದ ವಿನಾಯಿತಿಯೇನೂ ಇಲ್ಲ. ಆದರೂ ಹಲವು ಮರಗಳು ಉಳಿದಿವೆ. ದುಂಬಿಗಳು ಎತ್ತರದಲ್ಲಿ ಹಾರುವುದರಿಂದ ಈ ಕುಳ್ಳನ ಗೊಡವೆಗೆ ಹೋಗುವುದಿಲ್ಲ ಎಂಬುದು ಒಂದು ವಿವರಣೆ.

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿರುವ ಪ್ರಾಸ್ಪೆಕ್ಟ್ ಪಾರ್ಕಿನ ಮರಕ್ಕೆ ಬಂದ ಕುತ್ತು ಬೇರೆ. 1872ರಲ್ಲಿ ನೆಟ್ಟ ಅದು 1960ರ ದಶಕದ ಹೊತ್ತಿಗೆ ಯಾರೂ ಕೇಳುವವರಿಲ್ಲದೆ ಟೊಳ್ಳಾಗಿತ್ತು. ಕವಯಿತ್ರಿ ಮೇರಿಯಾನ್ ಮೂರ್ 1967ರಲ್ಲಿ ಅದರ ಮೇಲೊಂದು ಕವಿತೆ ಬರೆದರು, ಮರದ ಪರವಾಗಿ ಓಡಾಡಿದರು. ಕವಿತೆಯಿಂದ ಮರ ಉಳಿಯುವುದು ಅಪರೂಪ. ಇಲ್ಲಿ ಹಣ ಕೂಡಿತು, ವೈದ್ಯಕ್ಕೆ ಜನ ಬಂದರು. ಭಾರದ ಕೊಂಬೆಗಳಿಗೆ ಉಕ್ಕಿನ ತಂತಿಯ ಆಸರೆ ಕೊಟ್ಟು ಈಗಲೂ ಅದನ್ನು ಅಲ್ಲಿ ಜೋಪಾನ ಮಾಡುತ್ತಿದ್ದಾರೆ.