ಮೆಡಿಕೇರ್ ವ್ಯವಸ್ಥೆಯಲ್ಲಿ ಮಾರ್ಗಾಂತರ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ವೃದ್ಧರ ಚಿಕಿತ್ಸೆಯ ವೆಚ್ಚವನ್ನು ಬಹುಮಟ್ಟಿಗೆ ಸರಕಾರವೇ ವಹಿಸಿಕೊಳ್ಳುವ ‘ಮೆಡಿಕೇರ್’ ಎಂಬ ವ್ಯವಸ್ಥೆಯು ೧೯೬೫ನೆಯ ಇಸವಿ ಜುಲೈ ೩೦ರಂದು ಶಾಸನರೂಪವನ್ನು ತಾಳಿತು. ಅಧ್ಯಕ್ಷ ಲಿಂಡನ್ ಜಾನ್ಸನ್ನರು ಮಿಸ್ಸೂರಿ ಸಂಸ್ಥಾನದ ಇಂಡಿಪೆಂಡೆನ್ಸ್ ಪಟ್ಟಣಕ್ಕೆ ಹೋಗಿ, ಹಿಂದಿನ ಅಧ್ಯಕ್ಷರಾದ ಹ್ಯಾರಿ ಟ್ರೂಮನ್ನರ ಸಮಕ್ಷಮದಲ್ಲಿ ಅದಕ್ಕೆ ಅಂಕಿತ ಹಾಕಿದರು. ಮರುವರ್ಷ ಜುಲೈ ೧ರಿಂದ ಅದು ಆಚರಣೆಗೆ ಬಂದಿತು. ಅದೇ ೧೯೬೫ರ ಅಕ್ಟೋಬರಿನಲ್ಲಿ ವಲಸೆಯ ಕಾನೂನೂ ಮಾರ್ಪಟ್ಟು, ಏಷ್ಯಾಖಂಡದವರಿಗೆ ಆ ದೇಶದ ಬಾಗಿಲು ತೆರೆಯಿತು. ಆ ಬಾಗಿಲಿನಿಂದ ಒಳಹೊಕ್ಕ ಕನ್ನಡಿಗ ವೈದ್ಯರೂ ಇಂಜಿನಿಯರುಗಳೂ ಅಧ್ಯಾಪಕರೂ ಮೊದಲು ಹೇಳಿದ ಶಾಸನದ ಆಶ್ರಯಕ್ಕೆ ಬರುವ ವಯಸ್ಸನ್ನು ಈಗ ಮುಟ್ಟಿದ್ದಾರೆ. ಅನೇಕರು ದಾಟಿಯೂ ಇದ್ದಾರೆ. ಅರವತ್ತೈದನೆಯ ವರ್ಷದ ಹೊಸ್ತಿಲಲ್ಲಿ ನಿಂತವನಿಗೆ ಅಲ್ಲಿ ಎರಡು ಮಾರ್ಗಗಳು ತೋರುತ್ತವೆ. ಒಂದನ್ನು ಹಿಡಿದ ಬಳಿಕ ಮತ್ತೊಂದಕ್ಕೆ ಹೋಗಬಹುದೇ? ಹೋದ ಬಳಿಕ ಹಿಂದಿರುಗಬಹುದೇ? ಶಾಸನದ ಅಕ್ಷರವನ್ನು ಮಾತ್ರ ನೋಡಿದರೆ ಎರಡಕ್ಕೂ ‘ಬಹುದು’ ಎಂಬುದೇ ಉತ್ತರ. ಆದರೆ ಈ ಎರಡು ‘ಬಹುದು’ಗಳು ಸಮಬಲವುಳ್ಳವಲ್ಲ. ಆ ವೈಷಮ್ಯವನ್ನು ವಿಶದಪಡಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಸಂಜ್ಞೆಗಳ ವಿಚಾರ. ಮೆಡಿಕೇರಿಗೆ ‘ಎ’, ‘ಬಿ’, ‘ಸಿ’, ‘ಡಿ’ ಎಂಬ ನಾಲ್ಕು ಭಾಗಗಳು. ‘ಎ’ ಭಾಗವು ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಪಡೆಯುವ ಚಿಕಿತ್ಸೆಗೆ ಸಂಬಂಧಿಸಿದ್ದು; ತಾನಾಗಲಿ ತನ್ನ ದಾಂಪತ್ಯಸಂಗಾತಿಯಾಗಲಿ ನಲವತ್ತು ತ್ರೈಮಾಸಿಕಗಳ, ಎಂದರೆ ಹತ್ತು ವರ್ಷಗಳ ದುಡಿಮೆಯಿಂದ ತೆರಿಗೆ ತೆತ್ತಿದ್ದರೆ ಇದಕ್ಕೆ ಕಂತಿಲ್ಲ. ‘ಬಿ’ ಭಾಗವು ವೈದ್ಯರ ಶುಲ್ಕ, ಹೊರರೋಗಿಯ ಚಿಕಿತ್ಸೆ ಮೊದಲಾದವುಗಳದು. ಇದಕ್ಕೆ ತಿಂಗಳ ಕಂತುಂಟು. ೨೦೨೫ರಲ್ಲಿ ಅದು ಸಾಮಾನ್ಯವಾಗಿ ೧೮೫ ಡಾಲರು. ವರಮಾನ ಹೆಚ್ಚಿದವರಿಗೆ ಇನ್ನೂ ಹೆಚ್ಚು. ೨೦೦೬ರಿಂದ ಬಂದ ‘ಡಿ’ ಭಾಗವು ಔಷಧಗಳದು. ಖಾಸಗಿ ಕಂಪೆನಿಗಳ ಮೂಲಕ ನಡೆಯುತ್ತದೆ. ಈ ಮೂರೂ ಒಂದರ ಪಕ್ಕದಲ್ಲೊಂದು ನಿಲ್ಲತಕ್ಕವು. ‘ಸಿ’ ಭಾಗವು ಹಾಗಲ್ಲ. ೧೯೯೭ರ ಶಾಸನದಿಂದ ಹುಟ್ಟಿ, ೨೦೦೩ರಲ್ಲಿ ‘ಮೆಡಿಕೇರ್ ಅಡ್ವಾಂಟೇಜ್’ ಎಂಬ ಹೆಸರನ್ನು ಪಡೆದ ಇದರಲ್ಲಿ ಖಾಸಗಿ ಕಂಪೆನಿಯು ಸರಕಾರದಿಂದ ತಲೆಗಿಷ್ಟೆಂದು ಹಣ ಪಡೆದು ‘ಎ’ ಮತ್ತು ‘ಬಿ’ಗಳ ಭಾರವನ್ನು ತಾನೇ ಹೊರುತ್ತದೆ. ಅಕ್ಷರಕ್ರಮವನ್ನು ನಂಬಿ, ಇದು ಎರಡರ ಮೇಲೆ ಸೇರುವ ಮೂರನೆಯದೆಂದು ಭ್ರಮಿಸುವವರು ಬಹುಮಂದಿ. ಅದು ಎರಡರ ಮೇಲೆ ಬರುವುದಲ್ಲ, ಎರಡರ ಸ್ಥಾನದಲ್ಲಿ ಬರುವುದು.

ಕನ್ನಡದ ಅಧ್ಯಾಪಕರಿಗೆ ಈ ಭೇದವು ಹೊಸದೇನೂ ಅಲ್ಲ. ‘ಮನೆಯನ್ನು’ ಎಂಬಲ್ಲಿ ಯಕಾರವು ಬಂದು ಎರಡರ ನಡುವೆ ಸೇರುತ್ತದೆ. ಇದ್ದ ವರ್ಣ ಯಾವುದೂ ಹೋಗುವುದಿಲ್ಲ. ಇದು ಆಗಮ. ‘ಮಳೆಗಾಲ’ ಎಂಬಲ್ಲಿ ಗಕಾರವು ಬರುತ್ತಲೇ ಕಕಾರವು ಸ್ಥಳ ಬಿಡುತ್ತದೆ. ಇದು ಆದೇಶ. ವೈಯಾಕರಣರು ಮೊದಲನೆಯದನ್ನು ಮಿತ್ರನಿಗೂ ಎರಡನೆಯದನ್ನು ಶತ್ರುವಿಗೂ ಹೋಲಿಸುವುದು ಪ್ರಸಿದ್ಧವೇ ಆಗಿದೆ. ಮೂಲ ಮೆಡಿಕೇರು ವೈದ್ಯರ ವೆಚ್ಚದಲ್ಲಿ ಸಾಮಾನ್ಯವಾಗಿ ನೂರಕ್ಕೆ ೮೦ರಷ್ಟನ್ನು ಕೊಟ್ಟು ಉಳಿದ ೨೦ನ್ನು ರೋಗಿಗೆ ಬಿಡುತ್ತದೆ. ಈ ಇಪ್ಪತ್ತಕ್ಕೆ ಮೇಲ್ಮಿತಿಯೇ ಇಲ್ಲ. ಆ ಬಿರುಕನ್ನು ಮುಚ್ಚಲು ಖಾಸಗಿ ಕಂಪೆನಿಗಳು ಮಾರುವ ಪೂರಕವಿಮೆಗೆ ‘ಮೆಡಿಗ್ಯಾಪ್’ ಎಂದು ಹೆಸರು. ಇದು ಆಗಮ. ಅಡ್ವಾಂಟೇಜ್ ಎಂಬುದು ಆದೇಶ. (ಮೆಡಿಗ್ಯಾಪಿನ ಬಗೆಗಳಿಗೂ ‘ಎ’ಯಿಂದ ‘ಎನ್’ವರೆಗಿನ ಅಕ್ಷರಗಳನ್ನೇ ಇಟ್ಟಿರುವುದರಿಂದ ‘ಎ’ ಭಾಗ ಬೇರೆ, ‘ಎ’ ಮೆಡಿಗ್ಯಾಪ್ ಬೇರೆ ಎಂದು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಸಂಜ್ಞಾಕಾರರು ಇಷ್ಟು ಜಿಪುಣರಾಗಬೇಕಾಗಿರಲಿಲ್ಲ.)

ಆದೇಶವು ಸ್ಥಾನಿಯ ಧರ್ಮಗಳನ್ನು ಪಡೆಯುವುದೆಂಬ ಪಾಣಿನೀಯ ನ್ಯಾಯವೂ ಇಲ್ಲಿ ಸಲ್ಲುತ್ತದೆ. ಅಡ್ವಾಂಟೇಜ್ ಹಿಡಿದವನು ಮೆಡಿಕೇರಿನಿಂದ ಹೊರಗಾದವನಲ್ಲ. ‘ಬಿ’ ಭಾಗದ ಕಂತನ್ನು ತೆರುತ್ತಲೇ ಇರಬೇಕು. ಮೂಲದಲ್ಲಿ ಸಲ್ಲುವ ಚಿಕಿತ್ಸೆಗಳನ್ನೆಲ್ಲ ಕಂಪೆನಿಯೂ ಸಲ್ಲಿಸಬೇಕು. ಆದರೆ ಆ ನ್ಯಾಯಕ್ಕೆ ಶಾಸ್ತ್ರದಲ್ಲಿರುವಂತೆ ಇಲ್ಲಿಯೂ ಮಿತಿಯುಂಟು. ಮೂಲ ಮೆಡಿಕೇರನ್ನು ಅಂಗೀಕರಿಸುವ ಯಾವ ವೈದ್ಯನಲ್ಲಿಗಾದರೂ ಹೋಗುವ ಸ್ವಾತಂತ್ರ್ಯವು ಆದೇಶಕ್ಕೆ ಸಂಕ್ರಮಿಸುವುದಿಲ್ಲ. ಸಾಮಾನ್ಯವಾಗಿ ಕಂಪೆನಿಯ ಪಟ್ಟಿಗೆ ಸೇರಿದ ವೈದ್ಯರನ್ನೇ ಕಾಣಬೇಕು. ಅನೇಕ ಚಿಕಿತ್ಸೆಗಳಿಗೆ ಪೂರ್ವಾನುಮತಿ ಬೇಕು. ಇದಕ್ಕೆ ಪ್ರತಿಯಾಗಿ ದೊರೆಯುವುದೂ ಅಲ್ಪವಲ್ಲ: ಪ್ರತ್ಯೇಕ ಕಂತು ಅನೇಕ ವೇಳೆ ಇರುವುದೇ ಇಲ್ಲ, ಔಷಧಗಳ ಭಾಗವು ಬಹುಧಾ ಒಳಗೇ ಸೇರಿರುತ್ತದೆ, ಹಲ್ಲು ಕಣ್ಣುಗಳ ಚಿಕಿತ್ಸೆಗೂ ಸ್ವಲ್ಪ ಸಹಾಯ ಸಿಕ್ಕುತ್ತದೆ, ಮತ್ತು ವರ್ಷದ ಸ್ವಂತ ವೆಚ್ಚಕ್ಕೆ ಮೇಲ್ಮಿತಿಯಿದೆ, ಪಟ್ಟಿಯೊಳಗಿನ ಚಿಕಿತ್ಸೆಗೆ ೨೦೨೫ರಲ್ಲಿ ಅದು ೯,೩೫೦ ಡಾಲರನ್ನು ಮೀರುವಂತಿರಲಿಲ್ಲ. ೨೦೨೩ರ ಹೊತ್ತಿಗೆ ಅರ್ಹರಲ್ಲಿ ಅರ್ಧಕ್ಕಿಂತ ಹೆಚ್ಚುಮಂದಿ ಈ ಮಾರ್ಗದಲ್ಲಿದ್ದುದು ನಿಷ್ಕಾರಣವಾಗಿ ಅಲ್ಲ.

ಇನ್ನು ಮಾರ್ಗಾಂತರದ ಕಾಲ. ಪ್ರತಿವರ್ಷ ಅಕ್ಟೋಬರ್ ೧೫ರಿಂದ ಡಿಸೆಂಬರ್ ೭ರವರೆಗೆ ಯಾರು ಬೇಕಾದರೂ ಮೂಲದಿಂದ ಅಡ್ವಾಂಟೇಜಿಗೂ, ಅಲ್ಲಿಂದ ಮೂಲಕ್ಕೂ ಹೋಗಬಹುದು; ಜನವರಿ ೧ರಿಂದ ಬದಲಾವಣೆ ಸಲ್ಲುತ್ತದೆ. ಅಡ್ವಾಂಟೇಜಿನಲ್ಲಿರುವವರಿಗೆ ಜನವರಿಯಿಂದ ಮಾರ್ಚಿ ಕೊನೆಯವರೆಗೆ ಇನ್ನೊಂದು ಅವಕಾಶವುಂಟು. ಇಷ್ಟನ್ನೇ ಓದಿದವನು, ‘ಈ ವರ್ಷ ಇದು, ಸರಿಬೀಳದಿದ್ದರೆ ಬರುವ ವರ್ಷ ಅದು’ ಎಂದು ನಿಶ್ಚಿಂತನಾಗುವನು. ದೋಷವಿರುವುದು ಇಲ್ಲಿಯೇ. ಮೂಲ ಮೆಡಿಕೇರಿಗೆ ಹಿಂದಿರುಗುವ ಹಕ್ಕು ಮೆಡಿಗ್ಯಾಪನ್ನು ಮತ್ತೆ ಪಡೆಯುವ ಹಕ್ಕಲ್ಲ. ಅರವತ್ತೈದು ತುಂಬಿ ‘ಬಿ’ ಭಾಗದಲ್ಲಿ ಹೆಸರು ದಾಖಲಾದ ತಿಂಗಳಿನಿಂದ ಆರು ತಿಂಗಳು ಮಾತ್ರ, ದೇಹಸ್ಥಿತಿಯನ್ನು ವಿಚಾರಿಸದೆ ಮೆಡಿಗ್ಯಾಪ್ ಕೊಡಲು ಕಂಪೆನಿಗಳು ಬದ್ಧವಾಗಿವೆ. ಆ ಅವಧಿ ಒಮ್ಮೆ ಮುಗಿದರೆ ಮರುಕಳಿಸದು. ಆಮೇಲೆ ಬಹುತೇಕ ಸಂಸ್ಥಾನಗಳಲ್ಲಿ ಕಂಪೆನಿಯು ಅರ್ಜಿದಾರನ ರೋಗಗಳನ್ನು ವಿಚಾರಿಸಬಹುದು, ಕಂತನ್ನು ಏರಿಸಬಹುದು, ಇಲ್ಲವೆಂದೂ ಹೇಳಬಹುದು. ದೃಢಕಾಯನಾಗಿದ್ದಾಗ ಅಡ್ವಾಂಟೇಜ್ ಹಿಡಿದವನು ಎಪ್ಪತ್ತೆರಡರಲ್ಲಿ ಹೃದ್ರೋಗಕ್ಕೆ ತುತ್ತಾಗಿ, ಪಟ್ಟಿಯಲ್ಲಿಲ್ಲದ ತಜ್ಞನಿಗಾಗಿ ಮೂಲಕ್ಕೆ ಹಿಂದಿರುಗಲು ಬಯಸಿದರೆ ಬಾಗಿಲು ತೆರೆದೇ ಇರುತ್ತದೆ; ಆದರೆ ಒಳಗೆ ಮಿತಿಯಿಲ್ಲದ ಆ ಇಪ್ಪತ್ತರ ಪಾಲು ಕಾದಿರುತ್ತದೆ. ಯಾವಾಗ ಹಿಂದಿರುಗುವ ಅವಶ್ಯಕತೆಯುಂಟಾಗುವುದೋ ಆಗಲೇ ಅದು ದುಸ್ಸಾಧ್ಯವಾಗುವುದು.

ಉತ್ಸರ್ಗಕ್ಕೆ ಅಪವಾದಗಳೂ ಇವೆ. ಅರವತ್ತೈದರಲ್ಲಿ ಮೊದಲ ಬಾರಿಗೆ ಅರ್ಹನಾದಾಗಲೇ ಅಡ್ವಾಂಟೇಜ್ ಸೇರಿದವನು ಹನ್ನೆರಡು ತಿಂಗಳೊಳಗೆ ಹಿಂದಿರುಗಿದರೆ ಮೆಡಿಗ್ಯಾಪನ್ನು ನಿರಾಕರಿಸುವಂತಿಲ್ಲ. ಮೆಡಿಗ್ಯಾಪನ್ನು ಬಿಟ್ಟು ಮೊದಲ ಸಲ ಅಡ್ವಾಂಟೇಜನ್ನು ಪರೀಕ್ಷಿಸಿ ನೋಡಿದವನಿಗೂ ಒಂದು ವರ್ಷದೊಳಗೆ ಹಳೆಯದು, ಅದಿನ್ನೂ ಮಾರಾಟದಲ್ಲಿದ್ದರೆ, ಮರಳಿ ದೊರೆಯುತ್ತದೆ. ಕಂಪೆನಿಯೇ ಆ ಪ್ರದೇಶದಿಂದ ಕಾಲ್ತೆಗೆದರೆ, ಅಥವಾ ವಿಮೆಗೊಂಡವನು ಅದರ ಪ್ರದೇಶವನ್ನು ಬಿಟ್ಟು ಹೋದರೆ, ಹಳೆಯದು ಮುಗಿದ ೬೩ ದಿನಗಳವರೆಗೆ ಹಕ್ಕುಂಟು. ನ್ಯೂಯಾರ್ಕ್, ಕನೆಕ್ಟಿಕಟ್, ಮ್ಯಾಸಚೂಸೆಟ್ಸ್, ಮೇನ್ ಈ ನಾಲ್ಕು ಸಂಸ್ಥಾನಗಳು ಮಾತ್ರ, ಅರವತ್ತೈದು ದಾಟಿದವರಿಗೆಲ್ಲ ಸದಾಕಾಲವಾಗಲಿ ವರ್ಷಕ್ಕೊಮ್ಮೆಯಾಗಲಿ ರೋಗವಿಚಾರಣೆಯಿಲ್ಲದೆ ಮೆಡಿಗ್ಯಾಪ್ ದೊರೆಯುವಂತೆ ಕಾನೂನು ಮಾಡಿವೆ. ಒಂದೇ ದೇಶದಲ್ಲಿ ವಾಸಸ್ಥಳಕ್ಕೆ ತಕ್ಕಂತೆ ಹಕ್ಕು ಬೇರೆಯಾಗುವುದು ನ್ಯಾಯವೆನಿಸದು; ಆದರೂ ವಸ್ತುಸ್ಥಿತಿ ಹೀಗಿದೆ.

ನಿವೃತ್ತಿಯ ಕಾಲವು ಈ ತೊಡಕನ್ನು ಇಮ್ಮಡಿಗೊಳಿಸುತ್ತದೆ. ೧೯೮೩ರ ಶಾಸನದ ಫಲವಾಗಿ, ೧೯೬೦ರಲ್ಲಿ ಮತ್ತು ಅನಂತರ ಹುಟ್ಟಿದವರಿಗೆ ಪೂರ್ಣ ನಿವೃತ್ತಿವೇತನದ ವಯಸ್ಸು ೬೭. ಮೆಡಿಕೇರಿನದು ೬೫ರಲ್ಲಿಯೇ ನಿಂತಿದೆ. ಅರವತ್ತೈದಕ್ಕೆ ಮುಂಚೆಯೇ ಆ ವೇತನವನ್ನು ಪಡೆಯುತ್ತಿರುವವರು ತಾವಾಗಿಯೇ ಮೆಡಿಕೇರಿಗೆ ಸೇರುತ್ತಾರೆ; ಉಳಿದವರು ಹುಟ್ಟಿದ ತಿಂಗಳು, ಅದರ ಹಿಂದಿನ ಮೂರು, ಮುಂದಿನ ಮೂರು, ಹೀಗೆ ಏಳು ತಿಂಗಳೊಳಗೆ ಅರ್ಜಿ ಹಾಕಬೇಕು. ಇಪ್ಪತ್ತು ಅಥವಾ ಹೆಚ್ಚು ನೌಕರರುಳ್ಳ ಸಂಸ್ಥೆಯಲ್ಲಿ ದುಡಿಯುತ್ತ ಅಲ್ಲಿನ ವಿಮೆಯಲ್ಲಿರುವವನು ‘ಬಿ’ ಭಾಗವನ್ನು ತಡೆಹಿಡಿಯಬಹುದು. ಕೆಲಸವಾಗಲಿ ವಿಮೆಯಾಗಲಿ, ಯಾವುದು ಮೊದಲು ಮುಗಿಯುವುದೋ ಅಲ್ಲಿಂದ ಎಂಟು ತಿಂಗಳ ಕಾಲಾವಕಾಶವುಂಟು. ಸಂಸ್ಥೆಯು ಅದಕ್ಕಿಂತ ಚಿಕ್ಕದಾದರೆ ಮೆಡಿಕೇರೇ ಪ್ರಧಾನ; ಅಲ್ಲಿ ತಡಮಾಡುವುದು ಅಪಾಯ. ಕೆಲಸ ಬಿಟ್ಟವನು ಕೈಯಿಂದ ಹಣ ತೆತ್ತು ಮುಂದುವರಿಸಿಕೊಳ್ಳುವ, ‘ಕೋಬ್ರಾ’ ಎಂದು ಕರೆಯಿಸಿಕೊಳ್ಳುವ ವಿಮೆಯು ಈ ವಿಷಯದಲ್ಲಿ ನೌಕರನ ವಿಮೆಯೆಂದು ಗಣನೆಗೆ ಬರುವುದಿಲ್ಲ. ಅದನ್ನು ನಂಬಿ ಎಂಟು ತಿಂಗಳನ್ನು ಕಳೆದವನಿಗೆ, ತಪ್ಪಿದ ಪ್ರತಿ ಪೂರ್ಣ ಹನ್ನೆರಡು ತಿಂಗಳಿಗೆ ‘ಬಿ’ ಕಂತಿನ ಮೇಲೆ ನೂರಕ್ಕೆ ೧೦ರಂತೆ ದಂಡ. ಅದೂ ಸಾಮಾನ್ಯವಾಗಿ ಯಾವಜ್ಜೀವ.

ಇಷ್ಟಕ್ಕೇ ಹೆದರಿ, ದೊಡ್ಡ ಸಂಸ್ಥೆಯಲ್ಲಿ ದುಡಿಯುತ್ತಿದ್ದರೂ ಅರವತ್ತೈದರಲ್ಲಿಯೇ ‘ಬಿ’ ಭಾಗವನ್ನು ಹಿಡಿಯುವವರೂ ಉಂಟು. ಅವರು ತಪ್ಪಿಸಿಕೊಂಡ ದಂಡ ಒಂದು, ಕಳೆದುಕೊಳ್ಳುವುದು ಮತ್ತೊಂದು: ಮೆಡಿಗ್ಯಾಪಿನ ಆರು ತಿಂಗಳ ಎಣಿಕೆಯು ಅಂದಿನಿಂದಲೇ ಮೊದಲಾಗಿ, ನಿವೃತ್ತಿಯ ಹೊತ್ತಿಗೆ ಮುಗಿದುಹೋಗಿರುತ್ತದೆ. ಔಷಧಗಳ ‘ಡಿ’ ಭಾಗಕ್ಕೂ, ಸಮಾನವಾದ ವಿಮೆಯಿಲ್ಲದೆ ಸತತ ೬೩ ದಿನ ಕಳೆದರೆ, ತಿಂಗಳಿಗೆ ನೂರಕ್ಕೊಂದರಂತೆ ದಂಡವಿದೆ.

ಆಯ್ಕೆಯು ಯಾವಾಗಲೂ ವೃದ್ಧನದೇ ಆಗಿರುವುದಿಲ್ಲವೆಂಬುದಕ್ಕೆ ನ್ಯೂಯಾರ್ಕ್ ನಗರದ ವಿವಾದವು ನಿದರ್ಶನ. ತನ್ನ ಸುಮಾರು ಎರಡೂವರೆ ಲಕ್ಷ ನಿವೃತ್ತರನ್ನು ಅಡ್ವಾಂಟೇಜಿಗೆ ಸಾಗಿಸಲು ನಗರಾಡಳಿತವು ೨೦೨೧ರಲ್ಲಿ ಉದ್ಯುಕ್ತವಾಯಿತು. ನಿವೃತ್ತರು ನ್ಯಾಯಾಲಯಗಳ ಮೊರೆಹೊಕ್ಕರು. ೨೦೨೫ರ ಜೂನಿನಲ್ಲಿ ಆ ಸಂಸ್ಥಾನದ ಅತ್ಯುಚ್ಚ ನ್ಯಾಯಾಲಯವು ನಗರದ ಪರವಾಗಿ ತೀರ್ಪಿತ್ತಿತು. ಆದರೂ ಅದೇ ತಿಂಗಳು ಆಗಿನ ಮೇಯರ್ ಎರಿಕ್ ಆಡಮ್ಸರು ಯೋಜನೆಯನ್ನು ಮುಂದುವರಿಸುವುದಿಲ್ಲವೆಂದು ಸಾರಿದರು.

ಕೊನೆಗೆ, ಊರಿಗೆ ಮರಳುವ ಕನ್ನಡಿಗರ ಮಾತು. ಮೂಲ ಮೆಡಿಕೇರು ಭಾರತದಲ್ಲಿ ಮಾಡಿದ ಚಿಕಿತ್ಸೆಗೆ ಹಣ ಕೊಡುವುದಿಲ್ಲ. ಮೆಡಿಗ್ಯಾಪಿನ ಕೆಲವು ಬಗೆಗಳು ಮಾತ್ರ ಪ್ರವಾಸದ ಮೊದಲ ೬೦ ದಿನಗಳಲ್ಲಿ ಒದಗಿದ ತುರ್ತುಚಿಕಿತ್ಸೆಗೆ, ಮೊದಲ ೨೫೦ ಡಾಲರನ್ನು ಬಿಟ್ಟು ಉಳಿದುದರಲ್ಲಿ ನೂರಕ್ಕೆ ೮೦ರಂತೆ, ಜೀವಮಾನದಲ್ಲಿ ಒಟ್ಟು ೫೦,೦೦೦ ಡಾಲರಿನವರೆಗೆ ಸಲ್ಲಿಸುತ್ತವೆ. ಹೀಗಿರಲು, ಮೈಸೂರಿನಲ್ಲಿಯೋ ಧಾರವಾಡದಲ್ಲಿಯೋ ನೆಲೆಸಲು ಬಂದವರಿಗೆ ‘ಬಿ’ ಕಂತು ವ್ಯರ್ಥವೆಂದು ತೋರಿ, ಅದನ್ನು ನಿಲ್ಲಿಸುವುದು ಸಹಜ. ‘ಎ’ ಭಾಗವು ಕಂತಿಲ್ಲದೆ ಉಳಿಯುತ್ತದೆ. ಆದರೆ ಐದು ವರ್ಷಗಳ ತರುವಾಯ ಮಕ್ಕಳ ಬಳಿಗೆ ತಿರುಗಿ ಹೋಗಬೇಕಾಗಿ ಬಂದರೆ, ಜನವರಿಯಿಂದ ಮಾರ್ಚಿಯವರೆಗಿನ ಸಾಮಾನ್ಯ ದಾಖಲೆಯ ಕಾಲಕ್ಕಾಗಿ ಕಾಯಬೇಕು. ಕಂತು ಅರ್ಧದಷ್ಟು ಏರಿ, ೨೦೨೫ರ ಲೆಕ್ಕದಲ್ಲಿ ೧೮೫ಕ್ಕೆ ಬದಲಾಗಿ ೨೭೭ ಡಾಲರು ೫೦ ಸೆಂಟು ಆಗುತ್ತದೆ. ಮೆಡಿಗ್ಯಾಪಿನ ಆರು ತಿಂಗಳು ಎರಡನೆಯ ಸಲ ಬರುವುದಿಲ್ಲ. ಅಡ್ವಾಂಟೇಜ್ ಮಾತ್ರ ರೋಗವನ್ನು ವಿಚಾರಿಸದೆ ಸೇರಿಸಿಕೊಳ್ಳುತ್ತದೆ.