ಒಬ್ಬನೇ ಗಾಯಕ, ಎರಡು ಧ್ವನಿಮುದ್ರಣ: ನೆನಪಿನ ವಿಶ್ವಾಸಾರ್ಹತೆಯ ಪ್ರಶ್ನೆ

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಮಲೆಯ ಮಾದೇಶ್ವರನ ಕಾವ್ಯವನ್ನು ಕಂಸಾಳೆಯ ದೇವರಗುಡ್ಡರೂ ಮಂಟೇಸ್ವಾಮಿ ಕಾವ್ಯವನ್ನು ತಂಬೂರಿಯ ನೀಲಗಾರರೂ ಹಾಡುತ್ತ ಬಂದಿದ್ದಾರೆ. ಮಾದೇಶ್ವರ ಕಾವ್ಯವನ್ನು ಪಿ.ಕೆ. ರಾಜಶೇಖರ ಅವರು 1973ರಲ್ಲಿ, ಕೆ. ಕೇಶವನ್ ಪ್ರಸಾದ್ ಅವರು 1997ರಲ್ಲಿ ಬೇರೆ ಬೇರೆ ಗಾಯಕರಿಂದ ಸಂಗ್ರಹಿಸಿ ಪ್ರಕಟಿಸಿದರು. ಆದರೆ ಒಬ್ಬನೇ ಗಾಯಕನಿಂದ ಒಂದೇ ಸಾಲನ್ನು ಮತ್ತೊಮ್ಮೆ ಹಾಡಿಸಿದಾಗ, ಆ ಎರಡನೆಯ ಪಾಠ ಅವನ ನೆನಪಿನ ಬಗ್ಗೆ ಏನು ಹೇಳುತ್ತದೆ?

ಇದಕ್ಕೆ ಮನೋವಿಜ್ಞಾನದ ನೆರವು ಬೇಕು. ಮರೆತೆವೆಂದುಕೊಂಡದ್ದನ್ನು ಮತ್ತೆ ಕಲಿಯಲು ಕಡಿಮೆ ಸಮಯ ಸಾಕೆಂದು ಎಬ್ಬಿಂಗ್‌ಹೌಸ್ 1885ರಲ್ಲಿಯೇ ತೋರಿಸಿದ್ದನು. ವಯಸ್ಕರಿಗೆ ಅದೇ ನೆನಪಿನ ಪರೀಕ್ಷೆಯನ್ನು ತಿಂಗಳುಗಳ ನಂತರ ಮತ್ತೆ ಕೊಟ್ಟರೆ ಅಂಕ ಸಾಮಾನ್ಯವಾಗಿ ಏರುತ್ತದೆ. ಮೊದಲ ಮತ್ತು ಎರಡನೆಯ ಸರದಿಗಳ ನಡುವೆಯೇ ಈ ಏರಿಕೆ ಹೆಚ್ಚು. ಪದಗಳ ಪಟ್ಟಿಯನ್ನು ಬದಲಿಸಿದರೂ ಅದು ಪೂರ್ತಿ ಅಳಿಯುವುದಿಲ್ಲ. ಪರೀಕ್ಷೆಯ ರೀತಿಯೇ ಪರಿಚಿತವಾಗಿರುತ್ತದೆ. ಈ ಅಭ್ಯಾಸ ಪರಿಣಾಮವು ವೃದ್ಧರಲ್ಲಿ ನಿಜವಾದ ಮರೆವನ್ನು ಮುಚ್ಚಿಹಾಕಲೂಬಹುದು. ವಿಶ್ವಾಸಾರ್ಹತೆ ಬೇರೆ. ಹತ್ತು ಜನರ ಅಂಕಗಳೂ ಒಂದೇ ಪ್ರಮಾಣದಲ್ಲಿ ಏರಿದರೆ ಅವರ ಸ್ಥಾನಕ್ರಮ ಕೆಡದು. ಅಂಕ ಬದಲಾಗಿಯೂ ಪರೀಕ್ಷೆ ನಂಬಲರ್ಹವಾಗಿಯೇ ಉಳಿಯುತ್ತದೆ.

(ಗುಡ್ಡನನ್ನು ಪರೀಕ್ಷೆಗೆ ಕೂರಿಸುವ ಈ ಮಾತೇ ಕೆಲವರಿಗೆ ಹಿಡಿಸಲಾರದು.) ಎರಡನೆಯ ಮುದ್ರಣ ದೀರ್ಘವಾಗಿದ್ದರೆ ಅದನ್ನೇ ‘ಪೂರ್ಣ ಪಾಠ’ ಎಂದುಕೊಳ್ಳುವುದು ಸುಲಭ. ಆದರೆ ಅಷ್ಟರಲ್ಲಿ ಗಾಯಕನಿಗೆ ಯಂತ್ರದ ಅಂಜಿಕೆ ಹೋಗಿರುತ್ತದೆ. ಸಂಗ್ರಾಹಕನಿಗೆ ಏನು ಬೇಕೆಂಬುದು ತಿಳಿದಿರುತ್ತದೆ. ಕಳೆದ ಸಲ ಕೇಳಿದ ಒಂದು ಪ್ರಶ್ನೆಯೇ ಈ ಸಲ ಒಂದು ಪ್ರಸಂಗವಾಗಿ ಬೆಳೆದಿರಬಹುದು. ಪಾಠ ಚಿಕ್ಕದಾದಾಗಲೂ ವೃದ್ಧ ಗಾಯಕನ ನೆನಪು ಕುಂದಿತೆಂದು ತೀರ್ಮಾನಿಸುವುದು ಅನ್ಯಾಯವೇ ಸರಿ. ಹಿಮ್ಮೇಳದ ಜೊತೆ, ಹರಕೆಯವರು ಕೇಳಿದ ಭಾಗ, ಇರುಳಿನ ಅವಧಿ ಇವೆಲ್ಲ ಹಾಡನ್ನು ಹಿಗ್ಗಿಸುತ್ತವೆ, ಕುಗ್ಗಿಸುತ್ತವೆ.

ಹಾಗಾದರೆ ಅಳೆಯಬೇಕಾದದ್ದು ಯಾವುದನ್ನು? ಯುಗೊಸ್ಲಾವಿಯದ ಗಾಯಕರು ಅಕ್ಷರಶಃ ಅದನ್ನೇ ಹಾಡಿದೆವೆಂದು ಹೇಳುತ್ತಿದ್ದರೂ ಮುದ್ರಿತ ಪಾಠಗಳು ಭಿನ್ನವಾಗಿದ್ದವೆಂಬುದನ್ನು ಆಲ್ಬರ್ಟ್ ಲಾರ್ಡ್ 1960ರ ತನ್ನ ಗ್ರಂಥದಲ್ಲಿ ತೋರಿಸಿದ್ದಾನೆ. ಸ್ಥಿರವಾಗಿದ್ದುದು ಕಥೆಯ ಒಡಲು. ಆದ್ದರಿಂದ ಸಂಕಮ್ಮನ ಸಾಲಿನಲ್ಲಿ ಪದಗಳನ್ನು ಎಣಿಸುವುದಕ್ಕಿಂತ, ಗಂಡ ಭಾಷೆ ಕೇಳುವುದು, ಅವಳನ್ನು ಕಟ್ಟಿಹಾಕುವುದು, ಮಾದೇಶ್ವರ ಬಂದು ಮಕ್ಕಳ ವರ ಕೊಡುವುದು ಇಂಥ ಘಟಕಗಳ ಕ್ರಮವನ್ನು ಹೋಲಿಸುವುದು ಸೂಕ್ತ.

ಎರಡೇ ಮುದ್ರಣಗಳಿಂದ ಅಭ್ಯಾಸವನ್ನೂ ನೆನಪನ್ನೂ ಬೇರ್ಪಡಿಸಲಾಗದು, ಮೂರನೆಯದು ಅಗತ್ಯ. ಹಿಮ್ಮೇಳದವರು ಅವರೇ ಇರಬೇಕು, ನಡುವೆ ಹಳೆಯ ಮುದ್ರಣವನ್ನು ಗಾಯಕನಿಗೆ ಕೇಳಿಸಬಾರದು, ಸಂಗ್ರಾಹಕ ಕೇಳಿದ ಪ್ರಶ್ನೆಗಳನ್ನೂ ಪಾಠದೊಡನೆಯೇ ದಾಖಲಿಸಬೇಕು.